ಕಡಲಿಗೆ ಬಿದ್ದ ಮಳೆ

ತಾಯಿ ಕಣಿವೆ ಮಾರಮ್ಮ,

ನಿನ್ನ ಗುಡಿಗೆ ಬರುವವರ ಬೇಡಿಕೆ ನೂರು ಬಗೆ. ಹೊಸದುರ್ಗದವರು ದಾಳಿಂಬೆಗೆ ಅಂಗಮಾರಿ ತಗುಲದಿರಲಿ ಎನ್ನುತ್ತಾರೆ. ಹೊಳಲ್ಕೆರೆಯವರು ಬೇಸಿಗೆ ದಾಟುವ ತನಕ ಅಡಿಕೆ ಬುಡ ಒಣಗದಿರಲಿ ಎನ್ನುತ್ತಾರೆ. ಹಿರಿಯೂರಿನವರು ಸಾಲ ಮಾಡಿ ಕೊರೆಸಿದ ಬೋರಿನಲ್ಲಿ ಬರೀ ದೂಳು ಏಳದಿರಲಿ ಎನ್ನುತ್ತಾರೆ. ಚಿತ್ರದುರ್ಗದವರು ಹೊತ್ತಿಗೆ ಸರಿಯಾಗಿ ನಲ್ಲಿ ಬರಲಿ ಎನ್ನುತ್ತಾರೆ. ಕೇಳುವ ಬಾಯಿ ಬೇರೆಯಾದರೂ ಕೇಳುವುದು ನೀರನ್ನೇ. ನಾನೂ ನೀರು ಕೇಳಲೆಂದೇ ನಿಂತಿದ್ದೇನೆ. ಆದರೆ ಇವತ್ತು ತಂದಿರುವ ಅರ್ಜಿ ನನ್ನದಲ್ಲ. ಮುಗಿಯಲು ಕೈಯೇ ಇಲ್ಲದ ಒಂದು ಕುಲದ್ದು. ಹಾವುಗಳದ್ದು.

ನಿನ್ನ ಬೆಟ್ಟದ ಕಲ್ಲುಗಳ ಕೆಳಗಿರುವ ಹಾವುಗಳ ಮಾತು ಆಮೇಲೆ ಬರುತ್ತದೆ. ಮೊದಲು ನಮ್ಮ ಕಡೆಯವರು ಯಾರೂ ಕಂಡಿರದ ಒಂದು ಹಾವಿನ ಸುದ್ದಿ ಹೇಳುತ್ತೇನೆ, ಕೇಳು.

ತೈವಾನಿನ ಆಗ್ನೇಯಕ್ಕೆ ಕಡಲ ನಡುವೆ ಆರ್ಕಿಡ್ ದ್ವೀಪ ಎಂಬ ಸಣ್ಣ ನೆಲವಿದೆ. ಅದರ ಅಂಚಿನ ಬಂಡೆ ಸಂದುಗಳಲ್ಲಿ ಲ್ಯಾಟಿಕಾಡ ಎಂಬ ಕುಲದ ಕಡಲಹಾವುಗಳು ಮಲಗುತ್ತವೆ. ನೀಲಿ ಬೂದು ಮೈ, ಅದರ ಮೇಲೆ ತಲೆಯಿಂದ ಬಾಲದವರೆಗೆ ಕಪ್ಪು ಬಳೆ. ಬಾಲವು ದೋಣಿಯ ಹುಟ್ಟಿನಂತೆ ಚಪ್ಪಟೆ. ಇದೇ ಕುಲದ ಒಂದು ಹಾವು ನಮ್ಮ ದೇಶದ ಅಂಡಮಾನ್ ನಿಕೋಬಾರ್ ದ್ವೀಪಗಳಲ್ಲೂ ಇದೆ. ಹೆಣ್ಣು ಗಂಡಿಗಿಂತ ದಪ್ಪ, ಉದ್ದ. ರಾತ್ರಿ ಕಡಲಿಗೆ ಇಳಿದು ಹವಳದ ಬಿಲಗಳಲ್ಲಿ ಹಾವುಮೀನು ಹುಡುಕುತ್ತದೆ. ಬಿಲದೊಳಗೆ ತಲೆ ತೂರಿಸಿದಾಗ ಬೆನ್ನ ಹಿಂದಿನಿಂದ ಶತ್ರು ಬಂದರೆ? ಅದಕ್ಕೂ ದಾರಿ ಮಾಡಿಕೊಂಡಿದೆ. ಬಾಲದ ತುದಿಗೂ ತಲೆಯ ಬಣ್ಣ, ತಲೆಯ ಗುರುತು. ಬಂದವನಿಗೆ ಯಾವ ಕಡೆ ಹಲ್ಲಿದೆ ಎಂದು ಗೊತ್ತಾಗಬಾರದು.

ಅದರ ಹಲ್ಲು ಗಿಡ್ಡ, ವಿಷ ಮಾತ್ರ ಘನ. ನರ ಹೇಳಿದ್ದನ್ನು ಸ್ನಾಯು ಕೇಳಿಸಿಕೊಳ್ಳುವ ಬಾಗಿಲೊಂದಿದೆಯಲ್ಲ, ಆ ಬಾಗಿಲಿಗೇ ಹೋಗಿ ಅಗುಳಿ ಹಾಕುವ ವಿಷ ಅದು. ಕಚ್ಚಿಸಿಕೊಂಡ ಹಾವುಮೀನು ಒದ್ದಾಡುವ ಮೊದಲೇ ಸಡಿಲಾಗುತ್ತದೆ. ಕಡಲಿನಲ್ಲಿ ಇದು ಅಗತ್ಯ. ಹೊಲದಲ್ಲಾದರೆ ಕಚ್ಚಿದ ಇಲಿ ನಾಲ್ಕು ಮಾರು ಓಡಿದರೂ ವಾಸನೆ ಹಿಡಿದು ಹುಡುಕಬಹುದು. ನೀರಿನಲ್ಲಿ ಕೈಬಿಟ್ಟ ಊಟ ಕೈಬಿಟ್ಟಂತೆಯೇ. ತಾಯಿ, ನ್ಯಾಯ ಎರಡೂ ಕಡೆ ಇದೆ. ಈ ಹಾವುಗಳ ಜೊತೆ ತಲೆಮಾರುಗಳಿಂದ ಬದುಕಿರುವ ಪೆಸಿಫಿಕ್ ಕಡಲಿನ ಹಾವುಮೀನುಗಳು ಆ ವಿಷವನ್ನು ಬಹಳಷ್ಟು ತಡೆದುಕೊಳ್ಳುತ್ತವೆ. ಕಡಲಹಾವೇ ಇಲ್ಲದ ಕೆರಿಬಿಯನ್ ಕಡಲಿನ ಹಾವುಮೀನುಗಳಿಗೆ ಆ ಶಕ್ತಿ ಇಲ್ಲ. ಹಾವು ವಿಷವನ್ನು ಹರಿತ ಮಾಡಿದಂತೆ ಮೀನು ಮೈಯನ್ನು ಗಟ್ಟಿ ಮಾಡಿಕೊಂಡಿತು. ಈ ಲೆಕ್ಕದಲ್ಲಿ ಮನುಷ್ಯನ ಹೆಸರು ಎಲ್ಲೂ ಇಲ್ಲ. ಅವನನ್ನು ಈ ಹಾವು ಕಚ್ಚುವುದೇ ಅಪರೂಪ.

ಹೊಟ್ಟೆ ತುಂಬಿದ ಮೇಲೆ ಅದು ನೆಲಕ್ಕೆ ಮರಳುತ್ತದೆ. ತಿಂದದ್ದು ಅರಗುವುದು, ಪೊರೆ ಬಿಡುವುದು, ಕೂಡುವುದು, ಮೊಟ್ಟೆ ಇಡುವುದು ಎಲ್ಲ ನೆಲದ ಮೇಲೆ. ಬಂಡೆ ಹತ್ತಲೆಂದೇ ಹೊಟ್ಟೆಯಡಿ ಅಗಲ ಹುರುಪೆ ಉಳಿಸಿಕೊಂಡಿದೆ. ನಮ್ಮ ಮಲ್ಪೆ, ಕಾರವಾರದ ಮೀನುಗಾರರ ಬಲೆಗೆ ಬೀಳುವ ಕಡಲಹಾವುಗಳದ್ದು ಇನ್ನೊಂದು ಪಂಗಡ. ಅವು ನೀರಿನಲ್ಲೇ ಮರಿ ಹಾಕುತ್ತವೆ, ನೆಲದ ಹಂಗನ್ನು ಪೂರ್ತಿ ಕಳಚಿಕೊಂಡಿವೆ. ದಡಕ್ಕೆ ಎಸೆದರೆ ನೆಟ್ಟಗೆ ಹರಿದಾಡಲೂ ಅವಕ್ಕೆ ಬಾರದು.

ಇಷ್ಟು ಹೇಳಿ ಈಗ ಅರ್ಜಿಯ ವಿಷಯಕ್ಕೆ ಬರುತ್ತೇನೆ. ಉಪ್ಪುನೀರಿನಲ್ಲೇ ಬಾಳುವ ಈ ಜೀವ ಕುಡಿಯುವುದು ಏನನ್ನು?

ಕಡಲಹಾವಿನ ನಾಲಿಗೆಯ ಕೆಳಗೆ ಒಂದು ಗ್ರಂಥಿಯಿದೆ. ರಕ್ತದಲ್ಲಿ ಹೆಚ್ಚಾದ ಉಪ್ಪನ್ನು ಅದು ಹಿಂಡಿ ನಾಲಿಗೆಯ ಒರೆಗೆ ಬಿಡುತ್ತದೆ. ನಾಲಿಗೆ ಹೊರಗೆ ಚಾಚಿದಾಗೆಲ್ಲ ಆ ಉಪ್ಪು ಕಡಲು ಸೇರುತ್ತದೆ. ಇಂಥ ಗ್ರಂಥಿ ಇದ್ದ ಮೇಲೆ ಇನ್ನೇನು, ಕಡಲನ್ನೇ ಕುಡಿದು ಉಪ್ಪನ್ನು ಉಗುಳುತ್ತದೆ ಎಂದು ಪುಸ್ತಕಗಳು ಬಹುಕಾಲ ಹೇಳಿದವು. ಫ್ಲಾರಿಡಾ ವಿಶ್ವವಿದ್ಯಾಲಯದ ಹಾರ್ವೆ ಲಿಲಿವೈಟ್ ಮತ್ತು ಜೊತೆಗಾರರು ಆರ್ಕಿಡ್ ದ್ವೀಪದ ಹಾವುಗಳನ್ನೇ ಕೇಳಿ ನೋಡಿದರು. ಹಾವುಗಳು ಬಾಯಾರುವವರೆಗೆ ಕಾದು, ತೂಕ ಮಾಡಿ, ಕಡಲನೀರಿನಲ್ಲಿ ಬಿಟ್ಟರು. ಗುಟುಕು ಕೂಡ ಕುಡಿಯಲಿಲ್ಲ. ಸಿಹಿನೀರಿನಲ್ಲಿ ಬಿಟ್ಟರು. ತಕ್ಷಣ ಕುಡಿದವು. ಎರಡನ್ನೂ ಬೆರೆಸಿ ಕೊಟ್ಟಾಗ ಉಪ್ಪು ತೀರ ತೆಳುವಾದ ನೀರಿಗೆ ಮಾತ್ರ ಬಾಯಿ ಹಾಕಿದವು. 2008ರಲ್ಲಿ ಇದು ಪ್ರಕಟವಾಯಿತು. ಆ ದ್ವೀಪದಲ್ಲಿ ಹಾವುಗಳು ಹೆಚ್ಚಾಗಿ ಗುಂಪುಗೂಡುವುದು ಸಿಹಿನೀರಿನ ಒರತೆ ಕಡಲಿಗೆ ಇಳಿಯುವ ಜಾಗಗಳಲ್ಲೇ ಎಂಬುದೂ ಕಂಡಿತು.

ದಡದಿಂದ ದೂರ ಇರುವ ಹಾವಿಗೆ ಆ ಒರತೆಯೂ ಇಲ್ಲ. ಹಳದಿ ಹೊಟ್ಟೆಯ ಕಡಲಹಾವು ಎಂಬುದೊಂದಿದೆ. ಹಿಂದೂ ಮಹಾಸಾಗರ, ಪೆಸಿಫಿಕ್ ಎರಡರಲ್ಲೂ ತೇಲುತ್ತದೆ, ಜನ್ಮದಲ್ಲಿ ನೆಲ ಮುಟ್ಟುವುದಿಲ್ಲ. ಮಧ್ಯ ಅಮೆರಿಕದ ಕೋಸ್ಟರಿಕ ಎದುರಿನ ಕಡಲಿನಲ್ಲಿ ವರ್ಷಕ್ಕೆ ಆರೇಳು ತಿಂಗಳು ಮಳೆಯಿಲ್ಲ. ಅಷ್ಟು ದಿನವೂ ಅದು ನೀರಿನ ಮೇಲೆ ಮಲಗಿ, ಮೈಯ ನೀರು ಆರುತ್ತಾ, ಬಾಯಾರಿ ಕಾಯುತ್ತದೆ. ಇದೂ ಅದೇ ಲಿಲಿವೈಟ್ ತಂಡ ಕಂಡದ್ದು, 2014ರಲ್ಲಿ ಪ್ರಕಟಿಸಿದ್ದು. ಜೋರು ಮಳೆ ಸುರಿದಾಗ ಕಡಲ ಮೇಲ್ಮೈಯಲ್ಲಿ ತೆಳ್ಳನೆಯ ಸಿಹಿನೀರಿನ ಪದರ ನಿಲ್ಲುತ್ತದೆ. ಮಳೆನೀರು ಹಗುರ, ಉಪ್ಪುನೀರು ಭಾರ. ಗಾಳಿ, ಅಲೆ ಎರಡನ್ನೂ ಕಲಸುವ ಮುಂಚೆ, ಆ ಅಷ್ಟೇ ಹೊತ್ತಿನಲ್ಲಿ, ಹಾವು ಕುಡಿದುಕೊಳ್ಳಬೇಕು.

ಮಾರಮ್ಮ, ಇದನ್ನು ಓದಿದ ದಿನ ನಮ್ಮ ಸೀಮೆಯ ಒಂದು ಮಾತು ನನ್ನೊಳಗೆ ಅಲುಗಾಡಿತು. ಕಡಲಿಗೆ ಬಿದ್ದ ಮಳೆ ದಂಡ ಎಂದು ಹಿರಿಯರು ಹೇಳುತ್ತ ಬಂದಿದ್ದಾರೆ. ಉಂಡವನಿಗೆ ಇಕ್ಕಿದ ಊಟ, ಕಡಲಿಗೆ ಸುರಿದ ಮಳೆ, ಎರಡೂ ವ್ಯರ್ಥವಂತೆ. ನೀರಾವರಿ ಹೋರಾಟದ ಪೆಂಡಾಲಿನಲ್ಲಿ ಕುಳಿತಾಗ ನಾವೂ ಅದನ್ನೇ ಕೂಗುತ್ತೇವೆ, ನೀರೆಲ್ಲ ಸುಮ್ಮನೆ ಸಮುದ್ರ ಸೇರುತ್ತಿದೆ ಎಂದು. ನಮ್ಮ ಸಂಕಟಕ್ಕೆ ಆ ಕೂಗು ಸಹಜ. ಆದರೆ ಕಡಲಿನಲ್ಲಿ ಬಾಯಿ ತೆರೆದು ಕಾದವರು ಯಾರೂ ಇಲ್ಲ ಎಂದುಕೊಂಡೇ ನಾವು ಆ ಲೆಕ್ಕ ಹಾಕಿದ್ದೆವು. ಕಾದವರು ಇದ್ದಾರೆ, ತಾಯಿ.

ಸುತ್ತಲೂ ನೀರಿದ್ದು ಕುಡಿಯಲಾಗದ ಕಷ್ಟವನ್ನು ನಮ್ಮ ಜಿಲ್ಲೆಗೆ ಬೇರೆಯವರು ಬಂದು ವಿವರಿಸಬೇಕಿಲ್ಲ. ಮಲೆನಾಡಿನ ಬೆಟ್ಟ ದಾಟಿ ಬರುವಷ್ಟರಲ್ಲಿ ಮೋಡ ಬರಿದಾಗಿರುತ್ತದೆ. ವರ್ಷಕ್ಕೆ 600 ಮಿಲಿಮೀಟರ್ ಆಸುಪಾಸು ಬಿದ್ದರೆ ಒಳ್ಳೆಯ ವರ್ಷ. ಹೊಳಲ್ಕೆರೆಗೆ ಮಲೆನಾಡಿನ ಸೆರಗು ಸ್ವಲ್ಪ ತಾಗುತ್ತದೆ, ಹಿರಿಯೂರಿಗೆ ಅದೂ ಇಲ್ಲ. ಮಳೆ ಕೈಕೊಟ್ಟಾಗ ನೆಲ ಕೊರೆದೆವು. ಆಳಕ್ಕೆ ಇಳಿದಷ್ಟೂ ನೀರಿನ ಜೊತೆ ಫ್ಲೋರೈಡ್ ಬಂತು. ಮಕ್ಕಳ ಹಲ್ಲು ಕಂದಿತು, ಮುದುಕರ ಮಂಡಿ ಬಾಗಿತು. ಇವತ್ತು ಊರೂರಿನ ಶುದ್ಧ ಕುಡಿಯುವ ನೀರಿನ ಘಟಕದ ಮುಂದೆ ನಾಣ್ಯ ಹಿಡಿದು, ಕ್ಯಾನ್ ಇಟ್ಟು ಸಾಲು ನಿಲ್ಲುತ್ತೇವೆ. ಬೋರಿನಲ್ಲಿ ನೀರಿದೆ, ಗಂಟಲಿಗೆ ಇಳಿಯುವ ನೀರಿಲ್ಲ. ಒರತೆಯ ಬಾಯಿಗೆ ಗುಂಪುಗೂಡಿದ ಆ ಕಡಲಹಾವುಗಳ ಸ್ಥಿತಿಯೂ ಇದೇ.

ನಿನ್ನ ಕಣ್ಣೆದುರಿನ ಅಣೆಕಟ್ಟೆಯ ಕಥೆ ನಿನಗಿಂತ ಚೆನ್ನಾಗಿ ಯಾರು ಬಲ್ಲರು? ಬಾಬಾಬುಡನ್‌ಗಿರಿಯ ಕಡೆಯಿಂದ ವೇದಾ, ಅವತಿ ಎಂಬ ಎರಡು ಹೊಳೆ ಇಳಿದು ಕೂಡಿ ವೇದಾವತಿಯಾಗಿ ಬಂದಳು. ಎರಡು ಬೆಟ್ಟದ ನಡುವೆ, ನಿನ್ನ ಕಣಿವೆಯಲ್ಲಿ, ಮೈಸೂರು ಸಂಸ್ಥಾನ ಕಲ್ಲುಕಟ್ಟೆ ಕಟ್ಟಿ 1907ರಲ್ಲಿ ಮುಗಿಸಿತು. ನಾಲ್ವಡಿಯವರ ತಾಯಿಯ ಹೆಸರು ಹೊತ್ತು ಅದು ವಾಣಿವಿಲಾಸ ಸಾಗರವಾಯಿತು. ನಮ್ಮ ಬಾಯಲ್ಲಿ ಮಾತ್ರ ಇವತ್ತಿಗೂ ನಿನ್ನ ಹೆಸರೇ, ಮಾರಿಕಣಿವೆ. 130 ಅಡಿ ತುಂಬಿ 1933ರಲ್ಲಿ ಕೋಡಿ ಬಿತ್ತು. ಆಮೇಲೆ ಕೋಡಿ ಬಿದ್ದದ್ದು 2022ರ ಸೆಪ್ಟೆಂಬರಿನಲ್ಲಿ. ನಡುವೆ 89 ವರ್ಷ. 1933ರಲ್ಲಿ ಕೋಡಿ ನೋಡಿದ ಮಗು ಮುಪ್ಪಾಗಿ ಮೊಮ್ಮಕ್ಕಳ ಹೆಗಲು ಹಿಡಿದು ಬಂದು ಮತ್ತೆ ನೋಡಿರಬಹುದು. ಭದ್ರೆಯ ನೀರೂ ಬಂದು ಸೇರಿದ ಮೇಲೆ 2025ರ ಜನವರಿಯಲ್ಲಿ ಇನ್ನೊಮ್ಮೆ ತುಂಬಿತು. ಕಾಯುವುದನ್ನು ನಮಗೆ ಕಲಿಸಿದವಳು ನೀನು. ಆರು ತಿಂಗಳು ಬಾಯಾರಿ ತೇಲುವ ಹಾವಿನ ಪರವಾಗಿ ಮಾತಾಡಲು ಮಲೆನಾಡಿನವರಿಗಿಂತ ನಮಗೇ ಹಕ್ಕು ಹೆಚ್ಚು ಎಂದು ಇದಕ್ಕೇ ಅಂದುಕೊಂಡೆ.

ಕಡಲಿಗೂ ನಮಗೂ ಏನು ಸಂಬಂಧ ಎಂದು ಕೇಳುವವರಿಗೆ ಐಮಂಗಲದ ಬಳಿಯ ಮರಡಿಹಳ್ಳಿ ತೋರಿಸಬೇಕು. ಅಲ್ಲಿ ದಿಂಬು ದಿಂಬಾಗಿ ಒಂದರ ಮೇಲೊಂದು ಕೂತ ಬಂಡೆಗಳಿವೆ. ನೀರಿನ ಅಡಿಯಲ್ಲಿ ಲಾವಾ ಉಕ್ಕಿದಾಗ, ತಣ್ಣೀರು ತಾಗಿ ಹೊರಮೈ ಥಟ್ಟನೆ ಗಟ್ಟಿಯಾಗಿ, ಒಳಗಿನ ಬಿಸಿ ಒತ್ತಿ ಒತ್ತಿ ಇಂಥ ಆಕಾರ ಮೂಡುತ್ತದೆ. ಅವುಗಳ ವಯಸ್ಸು ಸುಮಾರು 250 ಕೋಟಿ ವರ್ಷ. ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ ಎಂದು ಅಲ್ಲಿ ಫಲಕವಿದೆ. ಶೇಂಗಾ ಬಿತ್ತುವ ಈ ಕೆಂಪು ನೆಲ ಒಂದು ಕಾಲಕ್ಕೆ ಕಡಲ ತಳವಾಗಿತ್ತು. ಆಗ ಹಾವಿರಲಿಲ್ಲ, ಮೀನಿರಲಿಲ್ಲ, ಬೆನ್ನೆಲುಬು ಎಂಬುದೇ ಇರಲಿಲ್ಲ. ಹಾವು ಹುಟ್ಟುವಷ್ಟರಲ್ಲಿ ಈ ಕಡಲು ಹೋಗಿ ಎಷ್ಟೋ ಯುಗಗಳಾಗಿದ್ದವು. ಕಡಲು ನಮ್ಮನ್ನು ಬಿಟ್ಟು ಹೋಯಿತು. ಹಾವುಗಳಲ್ಲಿ ಒಂದು ಕವಲು ನೆಲ ಬಿಟ್ಟು ಕಡಲಿಗೆ ಹೋಯಿತು.

ಆ ಕವಲು ನಮ್ಮ ನಾಗಪ್ಪನ ಮನೆತನದ್ದೇ. ಹುತ್ತದ ನಾಗರಹಾವು, ಗೋಡೆ ಬಿರುಕಿನ ಕಟ್ಟುಹಾವು, ಕಡಲಿನ ಪಟ್ಟೆಹಾವು ಮೂವರೂ ಒಂದೇ ಕುಟುಂಬ. ಮುಂದವಡೆಯಲ್ಲಿ ಮಡಚದೆ ನಿಂತ ಗಿಡ್ಡ ಹಲ್ಲು, ನರಕ್ಕೆ ತಾಗುವ ವಿಷ, ಇವು ಮನೆತನದ ಗುರುತು. ಕಡಲಿಗೆ ಹೋದವರು ಮೂಗಿನ ಹೊಳ್ಳೆಗೆ ಮುಚ್ಚಳ ಕಟ್ಟಿಕೊಂಡರು, ಬಲ ಶ್ವಾಸಕೋಶವನ್ನು ಮೈಯುದ್ದಕ್ಕೂ ಚಾಚಿಕೊಂಡರು, ಚರ್ಮದಿಂದಲೂ ಒಂದಿಷ್ಟು ಉಸಿರು ಹೀರುವುದನ್ನು ಕಲಿತರು. ಇಷ್ಟೆಲ್ಲ ಕಲಿತವರಿಗೆ ಒಂದು ಮಾತ್ರ ಒಲಿಯಲಿಲ್ಲ, ಉಪ್ಪುನೀರು ಕುಡಿಯುವ ವಿದ್ಯೆ. ನೆಲದ ಮೇಲೆ ಹುಟ್ಟಿದ ದಾಹ ಮೈಯಲ್ಲಿ ಹಾಗೆಯೇ ಉಳಿಯಿತು.

ಒಬ್ಬಳು ಇನ್ನೂ ವಿಚಿತ್ರ ದಾರಿ ಹಿಡಿದಳು. ಸಾಲೊಮನ್ ದ್ವೀಪಗಳಲ್ಲಿ ರೆನೆಲ್ ಎಂಬ ದ್ವೀಪವಿದೆ. ಅದರ ಹೊಟ್ಟೆಯಲ್ಲಿ ಟೆಗಾನೊ ಎಂಬ ದೊಡ್ಡ ಕೆರೆ. ನೆಲ ಮೇಲೆದ್ದಾಗ ಕಡಲಿನಿಂದ ಬೇರೆಯಾಗಿ, ಮಳೆ ಬೆರೆತು ಬೆರೆತು, ಈಗ ಅದರ ನೀರು ಸವಳು. ಆ ಕೆರೆಯೊಳಗೇ ಉಳಿದ ಕಡಲಹಾವೊಂದು ಜಗತ್ತಿನ ಬೇರೆಲ್ಲೂ ಇಲ್ಲ. 1998ರಿಂದ ಆ ಸೀಮೆ ವಿಶ್ವ ಪರಂಪರೆಯ ಪಟ್ಟಿಯಲ್ಲಿದೆ. ಅವಳ ಲೋಕವೆಂದರೆ ಒಂದು ಕೆರೆ. ಆ ಕೆರೆ ಕೆಟ್ಟರೆ ಅವಳಿಗೆ ಗುಳೆ ಹೋಗಲೂ ಜಾಗವಿಲ್ಲ.

ಈಗ ನಿನ್ನ ಬೆಟ್ಟಕ್ಕೆ ಬರುತ್ತೇನೆ. ನಾಗಪ್ಪನಿಗೆ ಕಲ್ಲಿದೆ, ಕಟ್ಟೆಯಿದೆ, ಪಂಚಮಿಯಿದೆ. ಹೊಳಲ್ಕೆರೆಯ ಬಯಲು ಗಣಪತಿಯ ಮುಂದೆ ಕೈ ಮುಗಿಯುವವರು ಅವನ ಹೊಟ್ಟೆಗೆ ಸುತ್ತಿದ ಹಾವಿಗೂ ಮುಗಿಯುತ್ತಾರೆ. ಉರಿಮಂಡಲಕ್ಕೆ ಯಾವ ಕಲ್ಲೂ ಇಲ್ಲ. ಎರಡು ಗೇಣಿನ ಹಾವು. ತಲೆಯ ಮೇಲೆ ಹಕ್ಕಿ ಹೆಜ್ಜೆಯ ಗುರುತು. ಮೈ ಬಣ್ಣ ದುರ್ಗದ ಮಣ್ಣಿನದೇ, ಕಾಲಿಡುವವರೆಗೂ ಕಣ್ಣಿಗೆ ಬೀಳದು. ಕೋಟೆಯ ಬಂಡೆಗಳ ಕೆಳಗೆ, ಜೋಗಿಮಟ್ಟಿಯ ಕುರುಚಲಲ್ಲಿ, ಹೊಲದ ಬದುವಿನ ಕಲ್ಲುಗುಡ್ಡೆಯಲ್ಲಿ ಹಗಲು ಕಳೆದು ರಾತ್ರಿ ಹೊರಡುತ್ತದೆ. ಇಲಿ, ಹಲ್ಲಿ, ಕಪ್ಪೆಯ ಜೊತೆ ಚೇಳು, ಜರಿಯೂ ಅದಕ್ಕೆ ಊಟ. ಈ ಕುಲದಲ್ಲಿ ಚೇಳಿನಂಥವನ್ನು ಹೆಚ್ಚು ತಿನ್ನುವ ಬಗೆಗಳ ವಿಷ ಚೇಳಿನ ಮೇಲೆ ಹೆಚ್ಚು ಹರಿತ ಎಂದು 2009ರ ಒಂದು ಅಧ್ಯಯನ ತೋರಿಸಿತು. ಇಲ್ಲೂ ವಿಷ ಊಟವನ್ನೇ ನೋಡಿ ತಯಾರಾದದ್ದು. ಮೊಟ್ಟೆ ಇಡದೆ ನೇರ ಮರಿ ಹಾಕುತ್ತದೆ. ಹುಟ್ಟಿದ ದಿನವೇ ಮರಿಗೂ ವಿಷವಿದೆ.

ಅದಕ್ಕೊಂದು ಮರ್ಯಾದೆಯೂ ಇದೆ. ಪಕ್ಕೆಯ ಹುರುಪೆಗಳಲ್ಲಿ ಗರಗಸದ ಹಲ್ಲುಗಳಿವೆ. ಹತ್ತಿರ ಬಂದರೆ ಮೈಯನ್ನು ಸುರುಳಿ ಮಾಡಿ, ಸುರುಳಿಗೆ ಸುರುಳಿ ಉಜ್ಜಿ ಸರಸರ ಸದ್ದು ಮಾಡುತ್ತದೆ. ಕೊಳಕುಮಂಡಲ ಗಾಳಿ ತುಂಬಿಕೊಂಡು ಬುಸುಗುಟ್ಟುತ್ತದೆ. ಹಾಗೆ ಉಸಿರು ಬಿಟ್ಟರೆ ಮೈಯ ತೇವವೂ ಹೋಗುತ್ತದಲ್ಲ, ಒಣನಾಡಿನ ಈ ಹಾವು ಅದನ್ನು ಉಳಿಸಲೆಂದೇ ಮೈ ಉಜ್ಜುವುದನ್ನು ಕಲಿತಿರಬೇಕು ಎಂದು ಬಲ್ಲವರು ಊಹಿಸುತ್ತಾರೆ. ಎಚ್ಚರಿಕೆ ಹೇಳಲು ಕೂಡ ನೀರು ಖರ್ಚು ಮಾಡದ ಜೀವ ಅದು. ಬೋರು ಬತ್ತಿದ ಊರಿನಲ್ಲಿ ಪಾತ್ರೆ ತೊಳೆದ ನೀರನ್ನು ನಿಂಬೆ ಗಿಡಕ್ಕೆ ಹಾಕುವ ಹೆಂಗಸರು ಅದನ್ನು ಒಪ್ಪುತ್ತಾರೆ.

ತಾಯಿ, ನಾವು ನೀರಿನ ವಿಷಯದಲ್ಲಿ ಹಾವಿಗೆ ಮಾಡಿದ ಒಂದು ಅನ್ಯಾಯವನ್ನು ನಿನ್ನ ಮುಂದೆ ಹೇಳಬೇಕು. ಪಂಚಮಿಯಂದು ಬುಟ್ಟಿಯ ನಾಗರಹಾವು ಬಟ್ಟಲಿಗೆ ಬಾಯಿ ಹಾಕಿ ಹಾಲು ಕುಡಿಯುವುದನ್ನು ಹಿಂದೆ ಊರೂರೂ ಕಂಡಿದೆ. ಹಾಲು ಹಾವಿನ ಆಹಾರವಲ್ಲ, ಅದರ ಹೊಟ್ಟೆಗೆ ಅದು ಅರಗದು. ಆಡಿಸುವವರು ಹಬ್ಬಕ್ಕೆ ಎಷ್ಟೋ ದಿನ ಮುಂಚಿನಿಂದ ಅದಕ್ಕೆ ನೀರು ಕೊಡುತ್ತಿರಲಿಲ್ಲ. ಗಂಟಲು ಒಣಗಿದ ಹಾವು ಮುಂದಿಟ್ಟದ್ದನ್ನು ಕುಡಿಯಿತು. ನಮ್ಮ ಭಕ್ತಿಗೆ ಒಲಿದು ಕುಡಿಯಿತು ಎಂದು ನಾವು ಕಾಸು ಹಾಕಿದೆವು. 1972ರ ವನ್ಯಜೀವಿ ಕಾಯ್ದೆ ಬಂದು ಆ ಬುಟ್ಟಿಗಳು ಕಡಿಮೆಯಾದವು. ಹುತ್ತಕ್ಕೆ ಹಾಲು ಸುರಿಯುವುದು ಇನ್ನೂ ನಿಂತಿಲ್ಲ. ಬಾಯಾರಿಕೆಯ ಅರ್ಥ ಗೊತ್ತಿರುವ ಸೀಮೆಯವರು ನಾವು. ದಾಹದಿಂದ ಒದ್ದಾಡುತ್ತಿದ್ದುದನ್ನು ಪವಾಡವೆಂದು ನೋಡಿದೆವಲ್ಲ, ಅದನ್ನು ಕ್ಷಮಿಸು.

ಮಳೆಗೆ ನಮ್ಮ ಪಂಚಾಂಗ ನಕ್ಷತ್ರದ ಹೆಸರಿಟ್ಟಿದೆ. ಭರಣಿ, ಕೃತ್ತಿಕೆ, ರೋಹಿಣಿ ಎಂದು ಲೆಕ್ಕ ಹಾಕುತ್ತ ಆಗಸ್ಟಿನ ಮೊದಲ ಭಾಗಕ್ಕೆ ಬಂದರೆ ಆಶ್ಲೇಷ ಮಳೆ. ಆಶ್ಲೇಷಕ್ಕೆ ದೇವತೆ ಸರ್ಪ. ಪಂಚಮಿಯೂ ಅದರ ಹಿಂದೆಮುಂದೆಯೇ ಬರುತ್ತದೆ. ಈ ಮಳೆಯನ್ನು ಹಾವಿಗೆ ಬರೆದುಕೊಟ್ಟ ಹಿರಿಯರು ಹೊಲ ನೋಡಿಯೇ ಬರೆದಿರಬೇಕು. ನೆಲ ನೆನೆದ ರಾತ್ರಿ ಉರಿಮಂಡಲ ಹೆಚ್ಚು ಓಡಾಡುತ್ತದೆ, ತೇವ ಹೆಚ್ಚಾದರೆ ಬೇಲಿಯ ಪೊದೆ ಹತ್ತಿ ಕೂರುತ್ತದೆ. ಬಿಲಕ್ಕೆ ನೀರು ನುಗ್ಗಿ ಇಲಿ ಹೊರಬರುತ್ತದೆ, ಇಲಿಯ ಹಿಂದೆ ಹಾವು. ಅದೇ ಮಳೆಗೆ ನಾವೂ ಬರಿಗಾಲಲ್ಲಿ ಹೊಲಕ್ಕೆ ಇಳಿಯುತ್ತೇವೆ. ಕಳೆ ಕೀಳುತ್ತೇವೆ, ಹುಲ್ಲು ಕೊಯ್ಯುತ್ತೇವೆ, ಬದುವಿಗೆ ಕಲ್ಲೆತ್ತಿ ಇಡುತ್ತೇವೆ. ನೀನು ಕೊಟ್ಟ ಒಂದೇ ನೀರು ಇಬ್ಬರನ್ನೂ ಒಂದೇ ದಾರಿಗೆ ತರುತ್ತದೆ.

ಆ ದಾರಿಯಲ್ಲಿ ಆದ ಸಾವಿನ ಲೆಕ್ಕವನ್ನು ಮುಚ್ಚಿಟ್ಟರೆ ನನ್ನ ಅರ್ಜಿಗೆ ಬೆಲೆಯಿಲ್ಲ. 2000ದಿಂದ 2019ರವರೆಗೆ ಭಾರತದಲ್ಲಿ ಹಾವು ಕಚ್ಚಿ ಸತ್ತವರು ಸುಮಾರು 12 ಲಕ್ಷ ಎಂದು 2020ರಲ್ಲಿ ಪ್ರಕಟವಾದ ಅಧ್ಯಯನ ಅಂದಾಜು ಮಾಡಿತು. ವರ್ಷಕ್ಕೆ ಸರಾಸರಿ 58 ಸಾವಿರ. ಅರ್ಧದಷ್ಟು ಸಾವು ಜೂನ್‌ನಿಂದ ಸೆಪ್ಟೆಂಬರ್ ನಡುವೆ. ಸತ್ತವರಲ್ಲಿ ಹೆಚ್ಚಿನವರು ಹಳ್ಳಿಯವರು, ಮನೆಯಲ್ಲೇ ಸತ್ತವರು. ಕಡಲಹಾವಿನ ದಾಹಕ್ಕೆ ಮರುಗುತ್ತ ಈ ಮನೆಗಳ ಅಳುವನ್ನು ಮರೆತರೆ ನೀನು ಒಪ್ಪುವುದಿಲ್ಲ, ಒಪ್ಪಬಾರದು.

ಅದಕ್ಕೇ ಈ ಅರ್ಜಿಯ ಎರಡನೇ ಭಾಗ. ಮಳೆ ಕೊಡುವಾಗ ಬುದ್ಧಿಯನ್ನೂ ಕೊಡು. ಹುಳ ಮುಟ್ಟಿತು ಎಂದು ಗೊತ್ತಾದ ಕೂಡಲೇ ಕಾಲಿಗೆ ಹಗ್ಗ ಬಿಗಿಯದ, ಬ್ಲೇಡಿನಲ್ಲಿ ಕೊಯ್ಯದ, ಬಾಯಿಟ್ಟು ಹೀರದ ಬುದ್ಧಿ. ಬಳೆ ಉಂಗುರ ಬಿಚ್ಚಿ, ಕೈಕಾಲು ಅಲ್ಲಾಡಿಸದಂತೆ ಮಲಗಿಸಿ, ನೇರ ಆಸ್ಪತ್ರೆಗೆ ಹೊರಡುವ ಬುದ್ಧಿ. ಮಂತ್ರಿಸುವವನ ಮನೆ ಬಾಗಿಲಲ್ಲಿ ಕಳೆದ ಒಂದು ಗಂಟೆಯನ್ನು ಯಾವ ಡಾಕ್ಟರೂ ವಾಪಸು ತರಲಾರ. ಉರಿಮಂಡಲದ ವಿಷ ರಕ್ತವನ್ನು ಹೆಪ್ಪುಗಟ್ಟದಂತೆ ಮಾಡುತ್ತದೆ. ಅದನ್ನು ಪತ್ತೆ ಹಚ್ಚಲು ದೊಡ್ಡ ಯಂತ್ರ ಬೇಕಿಲ್ಲ. ಒಣಗಿದ, ಚೊಕ್ಕಟವಾದ ಗಾಜಿನ ಕೊಳವೆಯಲ್ಲಿ ಒಂದಿಷ್ಟು ರಕ್ತ ತೆಗೆದು 20 ನಿಮಿಷ ಅಲುಗಾಡಿಸದೆ ಇಟ್ಟು, ಆಮೇಲೆ ಓರೆ ಮಾಡಿದರೆ ಸಾಕು. ನೀರಾಗಿಯೇ ಹರಿದರೆ ಮಂಡಲದ ವಿಷ ಎಂದು ತಿಳಿಯುತ್ತದೆ. ಕಟ್ಟುಹಾವಿನದು ಬೇರೆ ಬಗೆ. ನೆಲದ ಮೇಲೆ ಮಲಗಿದವರನ್ನು ನಡುರಾತ್ರಿ ನೋವೇ ಗೊತ್ತಾಗದಂತೆ ಕಚ್ಚಿ ಹೋಗುತ್ತದೆ. ಬೆಳಗ್ಗೆ ರೆಪ್ಪೆ ಜೋತು ಬಿದ್ದಾಗ, ಮಾತು ತೊದಲಿದಾಗ ಮನೆಯವರು ಗಾಳಿ ಸೋಕಿತು ಎನ್ನುತ್ತಾರೆ. ಅಂಥ ಮನೆಯಲ್ಲಿ ಯಾರಾದರೂ ಒಬ್ಬರ ಬಾಯಲ್ಲಿ ಹಾವಿನ ಹೆಸರು ನುಡಿಸು.

ಆಸ್ಪತ್ರೆಯ ಫ್ರಿಜ್ಜಿನಲ್ಲಿ ಸೀರಂ ಇರುವಂತೆ ನೋಡಿಕೋ. ನಾಗರ, ಕಟ್ಟು, ಕೊಳಕುಮಂಡಲ, ಉರಿಮಂಡಲ, ಈ ನಾಲ್ಕರ ವಿಷವನ್ನು ಸ್ವಲ್ಪ ಸ್ವಲ್ಪವೇ ಕುದುರೆಗೆ ಕೊಟ್ಟು, ಅದರ ರಕ್ತದಲ್ಲಿ ಹುಟ್ಟಿದ ತಡೆಯನ್ನು ತೆಗೆದು ಆ ಮದ್ದು ಮಾಡುತ್ತಾರೆ. ವಿಷ ಹಿಂಡಿ ಕೊಡುವವರಲ್ಲಿ ಮುಖ್ಯರು ತಮಿಳುನಾಡಿನ ಇರುಳರು. ಮಾಮಲ್ಲಪುರದ ಹತ್ತಿರ ಅವರ ಸಹಕಾರ ಸಂಘ 1978ರಲ್ಲಿ ಶುರುವಾಯಿತು. ಹಾವನ್ನು ಹಿಡಿದು, ವಿಷ ತೆಗೆದು, ಮತ್ತೆ ಕಾಡಿಗೆ ಬಿಡುತ್ತಾರೆ. ಕಡಲಹಾವಿನ ವಿಷಕ್ಕೆ ಈ ಸೀರಂ ನಡೆಯುವುದಿಲ್ಲ, ಬಲೆ ಬಿಡಿಸುವ ನಮ್ಮ ಕರಾವಳಿಯವರ ಕೈಗಳನ್ನು ಬೇರೆಯೇ ಕಾಪಾಡಬೇಕು. 2024ರ ಫೆಬ್ರುವರಿಯಲ್ಲಿ ನಮ್ಮ ಸರ್ಕಾರ ಹಾವು ಕಡಿತದ ಪ್ರತಿ ಪ್ರಕರಣವನ್ನೂ ವರದಿ ಮಾಡಲೇಬೇಕು ಎಂದು ಆದೇಶ ಮಾಡಿತು. ಲೆಕ್ಕಕ್ಕೆ ಸಿಕ್ಕ ಸಾವನ್ನು ಕೇಳುವವರು ಹುಟ್ಟುತ್ತಾರೆ ಎಂಬ ಆಸೆ ನಮ್ಮದು.

ಹಾವೂ ನಮಗೆ ಕೊಟ್ಟದ್ದಿದೆ. ಉರಿಮಂಡಲದ ವಿಷದಲ್ಲಿ ಎಕಿಸ್ಟಾಟಿನ್ ಎಂಬ ಒಂದು ಪ್ರೋಟೀನ್ ಇದೆ. ರಕ್ತದ ಕಣಗಳು ಒಂದಕ್ಕೊಂದು ಅಂಟದಂತೆ ಅದು ತಡೆಯುತ್ತದೆ. ಅದರ ಆಕಾರ ನೋಡಿ ವಿಜ್ಞಾನಿಗಳು ಟಿರೋಫಿಬಾನ್ ಎಂಬ ಔಷಧಿ ಮಾಡಿದರು. ಅಮೆರಿಕದಲ್ಲಿ 1998ರಲ್ಲಿ ಒಪ್ಪಿಗೆ ಸಿಕ್ಕಿತು. ಹೃದಯಾಘಾತವಾದವರ ರಕ್ತನಾಳದಲ್ಲಿ ಹೆಪ್ಪು ಬೆಳೆಯದಂತೆ ಅದನ್ನು ಕೊಡುತ್ತಾರೆ. ಎಕಾರಿನ್ ಎಂಬ ಇನ್ನೊಂದು ಪ್ರೋಟೀನ್ ಪ್ರಯೋಗಾಲಯಗಳಲ್ಲಿ ರಕ್ತ ಪರೀಕ್ಷೆಗೆ ಬಳಕೆಯಲ್ಲಿದೆ. ನಮ್ಮ ಬದುವಿನ ಕಲ್ಲಿನಡಿ ಮಲಗಿದ ಕುಲ ಯಾವುದೋ ದೂರದ ಊರಿನ ಆಸ್ಪತ್ರೆಯಲ್ಲಿ ಯಾರದೋ ಎದೆಯನ್ನು ಕಾಯುತ್ತಿದೆ.

ದುರ್ಗದ ಕೋಟೆ ಕಟ್ಟಿದವರು ನೀರನ್ನು ಹೇಗೆ ಕಂಡರು ಎಂಬುದನ್ನು ನೆನೆದು ಅರ್ಜಿ ಮುಗಿಸುತ್ತೇನೆ. ಮೇಲೆ ಗೋಪಾಲಸ್ವಾಮಿ ಹೊಂಡ. ಅದು ತುಂಬಿ ಅಕ್ಕತಂಗಿ ಹೊಂಡಕ್ಕೆ, ಅಲ್ಲಿಂದ ಕೆಳಗೆ ಊರಿನ ಸಿಹಿನೀರು ಹೊಂಡಕ್ಕೆ, ಸಂತೆ ಹೊಂಡಕ್ಕೆ. ತನ್ನ ಪಾಲು ಹಿಡಿದು ಮಿಕ್ಕಿದ್ದನ್ನು ಕೆಳಗಿನವರಿಗೆ ಬಿಡುವ ವ್ಯವಸ್ಥೆ ಅದು. ಕೋಡಿ ಬಿದ್ದ ನೀರನ್ನು ದಂಡ ಎನ್ನದವರ ಊರು ನಮ್ಮದು. ಹೊಂಡಗಳ ಸಾಲು ಊರಿನ ಬೇಲಿಗೇ ಮುಗಿಯುವುದಿಲ್ಲ, ಕಟ್ಟಕಡೆಯ ಹೊಂಡ ಕಡಲು ಎಂದು ಇಷ್ಟು ದಿನ ನಮಗೆ ಹೊಳೆದಿರಲಿಲ್ಲ, ಅಷ್ಟೆ.

ಬೇಡಿ ಸುಮ್ಮನೆ ಹೋಗುವ ಪದ್ಧತಿ ನಿನ್ನ ಗುಡಿಯಲ್ಲಿಲ್ಲ. ನನ್ನ ಹರಕೆ ಇದು. ಆಶ್ಲೇಷ ಮಳೆಗೆ ಮುಂಚೆ ಹಿತ್ತಲಿನ ಕಲ್ಲುಗುಡ್ಡೆ, ಸೌದೆ ಒಟ್ಟಿಲು ಮನೆ ಗೋಡೆಯಿಂದ ದೂರ ಹಾಕುತ್ತೇನೆ. ಕಾಳು ಚೆಲ್ಲಿ ಇಲಿ ಕರೆಯುವುದಿಲ್ಲ. ಕತ್ತಲಾದ ಮೇಲೆ ಕೈಯಲ್ಲಿ ಬ್ಯಾಟರಿ, ಕಾಲಲ್ಲಿ ಬೂಟು ಇಲ್ಲದೆ ಹೊಲಕ್ಕೆ ಕಾಲಿಡುವುದಿಲ್ಲ, ಮನೆಯವರನ್ನು ಬರಿನೆಲದಲ್ಲಿ ಮಲಗಿಸುವುದಿಲ್ಲ. ಪಂಚಮಿಯ ಹಾಲನ್ನು ಅಂಗನವಾಡಿಯ ಮಕ್ಕಳಿಗೆ ಕೊಡುತ್ತೇನೆ. ಊರವರನ್ನು ಕೂಡಿಸಿ ಹೂಳು ತುಂಬಿದ ಗೋಕಟ್ಟೆ ತೆಗೆಸುತ್ತೇನೆ. ದನ ಕುಡಿಯಲಿ, ನವಿಲು ಕುಡಿಯಲಿ, ಅವು ಹೋದ ಮೇಲೆ ರಾತ್ರಿ ಬರುವವರೂ ಕುಡಿಯಲಿ.

ಇನ್ನು ನೀನು ಕೊಡಬೇಕಾದ್ದು. ಮುಂಗಾರು ತಪ್ಪದೆ ಬರಲಿ. ಹೊಳಲ್ಕೆರೆಯ ತೋಟಕ್ಕೆ ಅದರ ಪಾಲು, ಹೊಸದುರ್ಗದ ದಾಳಿಂಬೆಗೆ ಅದರ ಪಾಲು, ಹಿರಿಯೂರಿನ ಶೇಂಗಾಕ್ಕೆ, ದುರ್ಗದ ಹೊಂಡಗಳಿಗೆ ಅವುಗಳ ಪಾಲು ಸಿಗಲಿ. ಮೋಡ ಎಲ್ಲವನ್ನೂ ನಮ್ಮ ಮೇಲೇ ಸುರಿದು ಬರಿದಾಗಲಿ ಎಂದು ಮಾತ್ರ ಇನ್ನು ಮೇಲೆ ನಾನು ಕೇಳುವುದಿಲ್ಲ. ಉಪ್ಪಿನ ನಡುವೆ ಆರು ತಿಂಗಳಿಂದ ಬಾಯಾರಿ ತೇಲುತ್ತಿರುವವರು ಇದ್ದಾರೆ. ಅವರ ಪಾಲಿನ ಮಳೆ ಕಡಲಿಗೇ ಬೀಳಲಿ.